ಬರಿಗಣ್ಣಿಗೆ ಬಣ್ಣ ಬಿಟ್ಟುಕೊಡದ ನಕ್ಷತ್ರ

ದೇವಯಾನಿ ನಕ್ಷತ್ರಪುಂಜದ 14 ಆಂಡ್ರೊಮಿಡೇ ಒಂದು ಕಿತ್ತಳೆ ದೈತ್ಯ, ಅಂದರೆ ಉಬ್ಬಿ ದೊಡ್ಡದಾದ ಕಿತ್ತಳೆ ಬಣ್ಣದ ನಕ್ಷತ್ರ. ಅದರ ಕಾಂತಿಮಾನ 5.2, ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂದ, ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿನ ಮಿತಿ ಸುಮಾರು ಆರು. ಬೆಂಗಳೂರಿನ ತಾರಸಿಯಲ್ಲಿ ನಿಂತು ಅದರ ಆಸೆ ಬಿಡಬೇಕು. ನಾನು ನೋಡುವುದು ಹಿರಿಯೂರಿನ ಆಚೆಯ ಹೊಲದಿಂದ, ನವೆಂಬರ್ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟರ ಸುಮಾರಿಗೆ.

ಹುಡುಕಲು ಮೊಬೈಲ್ ಆ್ಯಪ್ ಬಳಸುವುದಿಲ್ಲ. ಪರದೆಯ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಕತ್ತಲಿಗೆ ಒಗ್ಗಲು ಮತ್ತೆ ಅರ್ಧ ಗಂಟೆ ಕಾಯಬೇಕು. ಪಂಚಾಂಗದ ಪೂರ್ವಾಭಾದ್ರಾ, ಉತ್ತರಾಭಾದ್ರಾಗಳು ಸೇರಿ ಆಗುವ ದೊಡ್ಡ ಚೌಕ ಆಗ ನೆತ್ತಿಯ ಹತ್ತಿರವೇ ಇರುತ್ತದೆ. ಅದರ ಉತ್ತರ ಬದಿಯ ನಡುವಿನಿಂದ, ಚಾಚಿದ ಕೈಯ ಮುಷ್ಟಿಯ ಅಗಲದಷ್ಟು (ಸುಮಾರು ಹತ್ತು ಡಿಗ್ರಿ) ಉತ್ತರಕ್ಕೆ ಸರಿಯಬೇಕು. ಅಯೋಟಾ, ಕಪ್ಪಾ, ಲ್ಯಾಂಬ್ಡಾ ಎಂಬ ಮೂರು ನಕ್ಷತ್ರಗಳ ಸಾಲು ಎದುರಾದರೆ ನಾಲ್ಕು ಡಿಗ್ರಿಯಷ್ಟು ದಾಟಿ ಹೋದಂತೆ.

ನೇರವಾಗಿ ದಿಟ್ಟಿಸಿದರೆ ನಕ್ಷತ್ರ ಮಾಯವಾಗುತ್ತದೆ, ನೋಟವನ್ನು ತುಸು ಪಕ್ಕಕ್ಕೆ ಸರಿಸಿದರೆ ಮೂಡುತ್ತದೆ. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲ, ಸುತ್ತಲೂ ಹರಡಿವೆ. ತೊಡಕೆಂದರೆ ಅವಕ್ಕೆ ಬಣ್ಣ ತಿಳಿಯದು. ಹೀಗಾಗಿ ಬರಿಗಣ್ಣಿಗೆ ಸಿಗುವುದು ಬೂದು ಚುಕ್ಕೆ ಮಾತ್ರ.

ಬಣ್ಣ ಬೇಕಿದ್ದರೆ ಬೈನಾಕ್ಯುಲರ್ ಎತ್ತಬೇಕು. ನನ್ನದು 10x50, ಅಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ್ದು. ಈಗ ಕ್ರಮ ತಿರುವುಮುರುವು: ನೇರವಾಗಿಯೇ ನೋಡಬೇಕು, ಬಣ್ಣ ತಿಳಿಯುವ ಕೋಶಗಳು ದಟ್ಟವಾಗಿರುವುದು ಅಕ್ಷಿಪಟಲದ ನಟ್ಟನಡುವೆಯೇ. ಫೋಕಸ್ಸನ್ನು ಸ್ವಲ್ಪ ಕೆಡಿಸಿದರೆ ಚುಕ್ಕೆ ಬಿಲ್ಲೆಯಾಗಿ ಹರಡಿ ಬಣ್ಣ ಸುಲಭವಾಗಿ ಗೊತ್ತಾಗುತ್ತದೆ. ಸುಮಾರು ಒಂದು ಡಿಗ್ರಿ ಆಚೆಗೆ, ಅದೇ ನೋಟದೊಳಗೆ, 15 ಆಂಡ್ರೊಮಿಡೇ ಎಂಬ ಬಿಳಿ ನಕ್ಷತ್ರವಿದೆ. ಎರಡರ ನಡುವೆ ಕಣ್ಣಾಡಿಸುವುದೇ ನನ್ನ ವಿಧಾನ. ಹೋಲಿಕೆ ಇಲ್ಲದಿದ್ದರೆ ಮನಸ್ಸು ಬಯಸಿದ ಬಣ್ಣವನ್ನೇ ಕಣ್ಣಿಗೆ ಕಾಣಿಸುತ್ತದೆ. ಹಾಗೆಂದು ಚಿತ್ರಗಳಲ್ಲಿ ಬಳಿಯುವ ಗಾಢ ಕಿತ್ತಳೆಯನ್ನು ನಿರೀಕ್ಷಿಸಬೇಡಿ. ಮೇಲ್ಮೈ ತಾಪ ಸುಮಾರು 4,800 ಕೆಲ್ವಿನ್. ಹಾಲಿಗೆ ಒಂದೆಳೆ ಕೇಸರಿ ಹಾಕಿದಷ್ಟೇ ಛಾಯೆ. ನಿಜವಾದ ಕಿತ್ತಳೆ ನೋಡಬೇಕೆನ್ನುವವರಿಗೆ ಪೂರ್ವದಲ್ಲಿ ಏರುತ್ತಿರುವ ರೋಹಿಣಿಯನ್ನು ತೋರಿಸುತ್ತೇನೆ.

ಇಷ್ಟು ಮಂಕಾದ ಚುಕ್ಕೆಗೆ ಇಷ್ಟೊಂದು ಪಾಡೇಕೆ ಎಂದು ಜೊತೆಗೆ ಬಂದವರು ಕೇಳುವುದುಂಟು. ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿರುವ ಈ ನಕ್ಷತ್ರ ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಅಗಲವಾಗಿ ಉಬ್ಬಿದೆ. ಜಪಾನಿನ ಒಕಾಯಾಮಾದ 1.88 ಮೀಟರ್ ದೂರದರ್ಶಕದಲ್ಲಿ ಗ್ರಹದ ಸೆಳೆತದಿಂದ ನಕ್ಷತ್ರಕ್ಕೆ ಬರುವ ಓಲಾಟವನ್ನು ಅಳೆದ ಖಗೋಳವಿಜ್ಞಾನಿ ಬುನ್‌ಏ ಸಾಟೊ ಅವರ ತಂಡ, ಅಲ್ಲೊಂದು ಗ್ರಹವಿದೆಯೆಂದು 2008ರಲ್ಲಿ ಪ್ರಕಟಿಸಿತು. ಕಡಿಮೆಯೆಂದರೂ ಗುರುವಿನ ಸುಮಾರು ಐದು ಪಟ್ಟು ತೂಗುವ ಆ ಗ್ರಹ ಸುಮಾರು 186 ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ. ನನ್ನ ಬೈನಾಕ್ಯುಲರಿಗೆ ಅದು ಸಿಗುವ ಮಾತೇ ಇಲ್ಲ, ಆದರೂ ಮಕ್ಕಳು ಹುಡುಕದೆ ಬಿಡುವುದಿಲ್ಲ.