ಮೊದಲು ಊರಿನ ಹೆಸರು: ಅಮೆರಿಕದ ಒಂದು ಜರ್ಮನ್ ಮನೆತನದ ಬೇರು ಹುಡುಕಿದ ಬಗೆ

‘ಹುಟ್ಟಿದ್ದು ಜರ್ಮನಿಯಲ್ಲಿ’ ಎಂಬ ಮಾಹಿತಿಯಿಂದ ಈ ಕೆಲಸ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ. ಅಲ್ಲಿನ ಹಳೆಯ ಜನನ, ಮದುವೆ, ಮರಣಗಳೆಲ್ಲ ಊರೂರಿನ ಚರ್ಚಿನ ಪುಸ್ತಕಗಳಲ್ಲಿವೆ. ಇಡೀ ದೇಶಕ್ಕೆ ಸೇರಿ ಒಂದು ಸೂಚಿ ಇಲ್ಲ. ಊರು ಗೊತ್ತಿಲ್ಲದೆ ಬರೀ ಹೆಸರು ಹಿಡಿದು ಹೊರಟರೆ, ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಹತ್ತಾರು ಜನ ಸಿಗುತ್ತಾರೆ. ಅವರಲ್ಲಿ ಯಾರನ್ನೋ ನಮ್ಮವನೆಂದು ಅಂಟಿಸಿಕೊಂಡುಬಿಡುತ್ತೇವೆ. ಆದ್ದರಿಂದ ಊರಿನ ಹೆಸರು ಸಿಗುವವರೆಗೆ ನಾನು ಜರ್ಮನಿಯ ದಾಖಲೆಗಳನ್ನು ಮುಟ್ಟುವುದಿಲ್ಲ. ಆ ಹೆಸರು ಬಹುಪಾಲು ಅಮೆರಿಕದಲ್ಲೇ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಮಿಸೌರಿ ರಾಜ್ಯದ ಗ್ಯಾಸ್ಕನೇಡ್ ಕೌಂಟಿಯ ಒಂದು ರೈತ ಮನೆತನ. 1840ರ ದಶಕದಲ್ಲಿ ಬಂದವರು. ಆ ಕೌಂಟಿಯ ಹರ್ಮನ್ ಪಟ್ಟಣವನ್ನು ಫಿಲಡೆಲ್ಫಿಯಾದ ಜರ್ಮನ್ ಸೆಟಲ್‌ಮೆಂಟ್ ಸೊಸೈಟಿ 1837ರಲ್ಲಿ ಕಟ್ಟಿಸಿತು. ಮಿಸೌರಿ ನದಿಯ ಎರಡೂ ದಡದ ಕೌಂಟಿಗಳಲ್ಲಿ ಜರ್ಮನ್ನರೇ ತುಂಬಿಕೊಂಡಿದ್ದರು.

ಶುರು ಮಾಡಬೇಕಾದದ್ದು ಈಚಿನವರಿಂದ. ಮಿಸೌರಿಯಲ್ಲಿ ರಾಜ್ಯಮಟ್ಟದ ಮರಣ ನೋಂದಣಿ 1910ರಿಂದ ಇದೆ. 50 ವರ್ಷ ದಾಟಿದ ಪ್ರಮಾಣಪತ್ರಗಳನ್ನು ಮಿಸೌರಿ ಸ್ಟೇಟ್ ಆರ್ಕೈವ್ಸ್ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತದೆ. ಅದರಲ್ಲಿ ತಂದೆ, ತಾಯಿ, ತಾಯಿಯ ತವರಿನ ಹೆಸರು ಇರುತ್ತವೆ. ಆದರೆ ಮಾಹಿತಿ ಕೊಟ್ಟವರು ಯಾರೆಂಬ ಸಾಲನ್ನು ಮೊದಲು ನೋಡಿ. ಅಳಿಯನೋ ಮೊಮ್ಮಗನೋ ಹೇಳಿದ್ದರೆ ಅಜ್ಜಿಯ ತವರಿನ ಹೆಸರು ತಪ್ಪಿರುವ ಸಾಧ್ಯತೆ ಹೆಚ್ಚು. ಸತ್ತ ತಾರೀಖನ್ನು ನಂಬಬಹುದು, ಹುಟ್ಟಿದ ತಾರೀಖನ್ನು ಬೇರೆ ಕಡೆ ತಾಳೆ ನೋಡಬೇಕು.

ಅಲ್ಲಿಂದ ಜನಗಣತಿ. 1950ರಿಂದ ಹಿಂದಕ್ಕೆ ಹತ್ತು ಹತ್ತು ವರ್ಷ ಇಳಿಯುತ್ತ ಬರುತ್ತೇನೆ (72 ವರ್ಷ ದಾಟದ ಗಣತಿಯನ್ನು ಬಿಡುಗಡೆ ಮಾಡುವುದಿಲ್ಲ). 1890ರ ಗಣತಿ ಇಲ್ಲವೆಂದೇ ಲೆಕ್ಕ. 1921ರ ಬೆಂಕಿಯಲ್ಲಿ ಬಹುತೇಕ ಹಾಳಾಯಿತು. ಮನೆಯ ಎಲ್ಲರ ಹೆಸರೂ ಬರುವುದು 1850ರಿಂದ. ಯಜಮಾನನಿಗೆ ಯಾರು ಏನಾಗಬೇಕು ಎಂಬ ಕಾಲಂ ಬಂದದ್ದು 1880ರಲ್ಲಿ. ಹಾಗಾಗಿ 1850, 1860, 1870ರಲ್ಲಿ ಒಂದೇ ಮನೆಯಲ್ಲಿರುವ ಹೆಂಗಸನ್ನು ಹೆಂಡತಿಯೆಂದೂ ಹುಡುಗರನ್ನು ಮಕ್ಕಳೆಂದೂ ಬರೆದುಕೊಳ್ಳಬೇಡಿ. ಆಕೆ ಎರಡನೆಯ ಹೆಂಡತಿಯೋ ಅತ್ತಿಗೆಯೋ ಇರಬಹುದು.

ನನಗೆ ಅತಿ ಹೆಚ್ಚು ಕೊಟ್ಟದ್ದು 1900ರ ಗಣತಿ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಅಮೆರಿಕಕ್ಕೆ ಬಂದ ವರ್ಷ, ಪೌರತ್ವದ ಸ್ಥಿತಿ, ಎಲ್ಲವೂ ಒಂದೇ ಸಾಲಿನಲ್ಲಿವೆ. ಹೆತ್ತದ್ದು 11, ಉಳಿದದ್ದು 7 ಎಂದಿದ್ದರೆ ಆ ನಾಲ್ಕು ಮಕ್ಕಳನ್ನು ಚರ್ಚಿನ ಹೂಳುವಿಕೆಯ ಪುಸ್ತಕದಲ್ಲಿ ಹುಡುಕಲೇಬೇಕು. ಅವು ಸಿಕ್ಕರೆ ಆ ಕುಟುಂಬದ ಚರ್ಚು ಯಾವುದೆಂದು ಗೊತ್ತಾಗುತ್ತದೆ. ಪೌರತ್ವದ ಕಾಲಮಿನಲ್ಲಿ ‘ಎನ್‌ಎ’ ಎಂದರೆ ಪೌರನಾಗಿದ್ದಾನೆ, ‘ಪಿಎ’ ಎಂದರೆ ಪೌರನಾಗುವ ಇಚ್ಛೆ ತಿಳಿಸುವ ಮೊದಲ ಕಾಗದ ಮಾತ್ರ ಆಗಿದೆ, ‘ಎಎಲ್’ ಎಂದರೆ ಇನ್ನೂ ಪರದೇಶಿ.

ಹುಟ್ಟಿದ ಸ್ಥಳದ ಕಾಲಂ ಗಣತಿಯಿಂದ ಗಣತಿಗೆ ಬದಲಾದರೆ ಗಾಬರಿ ಬೇಡ. ಈ ಮನೆಯ ಯಜಮಾನನಿಗೆ 1860ರಲ್ಲಿ ‘ಹ್ಯಾನೋವರ್’, 1870ರಲ್ಲಿ ‘ಪ್ರಷ್ಯಾ’, 1880ರಲ್ಲಿ ‘ಜರ್ಮನಿ’ ಎಂದಿದೆ. ಮೂರೂ ಸರಿ. ಹ್ಯಾನೋವರ್ ರಾಜ್ಯವನ್ನು ಪ್ರಷ್ಯಾ ನುಂಗಿದ್ದು 1866ರಲ್ಲಿ, ಜರ್ಮನಿ ಒಂದು ದೇಶವಾದದ್ದು 1871ರಲ್ಲಿ. ನಮ್ಮ ಕನ್ನಡ ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆಗೂ ಇದೇ ಕತೆ: ಊರು ಇದ್ದಲ್ಲೇ ಇತ್ತು, ಅದರ ಮೇಲಿನ ರಾಜ್ಯ ಬದಲಾಯಿತು. ಇಂಥ ಸಾಲಿನಿಂದ ನಮಗೆ ಲಾಭವೇ. ಮೊದಲು ಹ್ಯಾನೋವರ್, ಆಮೇಲೆ ಪ್ರಷ್ಯಾ ಎಂದರೆ ಹುಡುಕಬೇಕಾದ ಸೀಮೆ ಅಷ್ಟರಮಟ್ಟಿಗೆ ಕಿರಿದಾಯಿತು.

ಹೆಸರು ಹಾಕಿದರೆ ಸಿಗದಿದ್ದಾಗ ಉಪನಾಮವನ್ನೇ ಬಿಟ್ಟುಬಿಡಿ. ಮೊದಲ ಹೆಸರು, ಹುಟ್ಟಿದ ವರ್ಷಕ್ಕೆ ಹಿಂದೆ ಮುಂದೆ ಮೂರು ವರ್ಷ, ಕೌಂಟಿ, ಇಷ್ಟು ಸಾಕು. ಗಣತಿಯವರು ಕಿವಿಗೆ ಬಿದ್ದದ್ದನ್ನು ಬರೆದರು. ಜರ್ಮನ್ ಬಾಯಲ್ಲಿ ಬ-ಪ, ದ-ತ, ಗ-ಕ ಅದಲುಬದಲಾಗಿ ಕೇಳುತ್ತವೆ. ‘ವಿ’ ಅಕ್ಷರಕ್ಕೆ ಫ ಉಚ್ಚಾರ, ‘ಡಬ್ಲ್ಯು’ ಅಕ್ಷರಕ್ಕೆ ವ ಉಚ್ಚಾರ. ಸೌಂಡೆಕ್ಸ್ ಎಂಬ ಉಚ್ಚಾರದ ಸಂಕೇತದಲ್ಲಿ ಶ್ಮಿಟ್ ಮತ್ತು ಸ್ಮಿತ್ ಎರಡಕ್ಕೂ ಎಸ್ 530 ಬರುವುದರಿಂದ ಎರಡೂ ಒಟ್ಟಿಗೆ ಸಿಗುತ್ತವೆ. ಕೊಖ್ ಹೋಗಿ ಕುಕ್ ಆದರೆ ಮೊದಲ ಅಕ್ಷರವೇ ಬದಲಾಗಿ ಕೆ 200, ಸಿ 200 ಎಂದು ಬೇರೆ ಬೇರೆ ಆಗುತ್ತವೆ; ಅಲ್ಲಿ ಸೌಂಡೆಕ್ಸ್ ಕೈಕೊಡುತ್ತದೆ. ಅರ್ಥವನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡವರೂ ಇದ್ದಾರೆ: ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದ, ಷ್ವಾರ್ತ್ಸ್ ಬ್ಲ್ಯಾಕ್ ಆದ. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ಐಲ್ಯಾಂಡಿನ ಅಧಿಕಾರಿಗಳು ಹೆಸರು ಬದಲಿಸಿದರು ಎಂಬ ಮನೆಮಾತನ್ನು ನಂಬಬೇಡಿ. ಅವರು ಹಡಗಿನವರು ತಂದ ಪಟ್ಟಿಯನ್ನು ಇಟ್ಟುಕೊಂಡು ತಾಳೆ ನೋಡುತ್ತಿದ್ದರು, ಅಷ್ಟೆ. ಮೇಲಾಗಿ ಆ ದ್ವೀಪ ತೆರೆದದ್ದೇ 1892ರ ಜನವರಿ 1ರಂದು.

ಮೊದಲ ಹೆಸರಿನಲ್ಲೂ ಒಂದು ಗುಂಡಿ ಇದೆ. ಅಣ್ಣತಮ್ಮಂದಿರು ನಾಲ್ವರೂ ಯೋಹಾನ್ ಆಗಿರಬಹುದು: ಯೋಹಾನ್ ಹೈನ್‌ರಿಶ್, ಯೋಹಾನ್ ಗಿಯೋರ್ಗ್, ಹೀಗೆ. ಕರೆಯುವ ಹೆಸರು ಸಾಮಾನ್ಯವಾಗಿ ಎರಡನೆಯದು ಅಥವಾ ಕೊನೆಯದು. ಅಮೆರಿಕದಲ್ಲಿ ಹೆನ್ರಿ ಆಗಿ ಬಾಳಿದವನನ್ನು ಜಾನ್ ಎಂದು ಹುಡುಕಿದರೆ ಸಿಗುವುದಿಲ್ಲ. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ವಾಡಿಕೆಯೂ ಇತ್ತು.

ಪೌರತ್ವದ ಕಾಗದಗಳ ವಿಷಯದಲ್ಲಿ 1906ರ ಸೆಪ್ಟೆಂಬರ್ ಒಂದು ಗಡಿ. ಅದರ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ಹಡಗು, ಬಂದ ತಾರೀಖು ಎಲ್ಲ ಇವೆ. ಅದಕ್ಕಿಂತ ಹಿಂದಿನವು ಯಾವ ಕೋರ್ಟಿನಲ್ಲಾದರೂ ಇರಬಹುದು, ಮೊದಲ ಕಾಗದ ಒಂದು ಕಡೆ, ಕೊನೆಯ ಅರ್ಜಿ ಇನ್ನೊಂದು ಕೌಂಟಿಯಲ್ಲಿ. ಅವುಗಳಲ್ಲಿ ಬಹಳ ಸಲ ‘ಹ್ಯಾನೋವರಿನ ರಾಜನ ನಿಷ್ಠೆ ತೊರೆದಿದ್ದೇನೆ’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಜಮೀನು ಪಡೆದಿದ್ದರೆ ನ್ಯಾಷನಲ್ ಆರ್ಕೈವ್ಸ್‌ನಿಂದ ಇಡೀ ಕಡತ ತರಿಸಿ. ಪೌರನೋ, ಪೌರನಾಗಲು ಅರ್ಜಿ ಹಾಕಿದವನೋ ಆಗಿರಬೇಕೆಂಬ ನಿಯಮವಿದ್ದುದರಿಂದ ಆ ಪುರಾವೆಯ ಪ್ರತಿ ಕಡತದೊಳಗೇ ಇರುತ್ತದೆ.

ಎಲ್ಲರೂ ಮೊದಲು ಓಡುವುದು ಹಡಗಿನ ಪಟ್ಟಿಗೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹ್ಯಾಂಬರ್ಗ್ ಬಂದರಿನ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಊರಿನ ಹೆಸರೂ ಅದರಲ್ಲಿದೆ. ಆದರೆ ವಾಯವ್ಯ ಜರ್ಮನಿಯವರು ಹೊರಟದ್ದು ಹೆಚ್ಚಾಗಿ ಬ್ರೆಮೆನ್‌ನಿಂದ. ಅಲ್ಲಿನ ಹಳೆಯ ಪಟ್ಟಿಗಳನ್ನು ಜಾಗವಿಲ್ಲವೆಂದು ನಾಶ ಮಾಡಿದರು, ಉಳಿದವು ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹೋದವು. ಅಮೆರಿಕದ ಕಡೆಯ ಆಗಮನ ಪಟ್ಟಿಗಳು 1820ರಿಂದ ಇದ್ದರೂ ಆ ಕಾಲದವುಗಳಲ್ಲಿ ದೇಶದ ಹೆಸರಿಗೇ ಮಾತು ಮುಗಿಯುತ್ತದೆ. ಇನ್ನೊಂದು: ರೈಲು ಬರುವ ಮೊದಲು ಮಿಸೌರಿಗೆ ಹೋಗುವವರು ಬಹಳ ಜನ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದು ಮಿಸಿಸಿಪ್ಪಿ ನದಿಯಲ್ಲಿ ಉಗಿದೋಣಿ ಹತ್ತಿ ಸೇಂಟ್ ಲೂಯಿಸಿಗೆ ಬಂದರು. ನ್ಯೂಯಾರ್ಕ್ ಪಟ್ಟಿಯಲ್ಲಿ ಅವರನ್ನು ಹುಡುಕಿದರೆ ದಿನ ಹಾಳು.

ಊರಿನ ಹೆಸರು ಸಿಗುವ ಜಾಗ ಚರ್ಚು. ಅಮೆರಿಕದ ಜರ್ಮನ್ ಚರ್ಚುಗಳ ಪಾದ್ರಿಗಳು ಜರ್ಮನ್ನರೇ. ಅವರಿಗೆ ಊರುಗಳು ಗೊತ್ತಿದ್ದವು, ಕಾಗುಣಿತವೂ ಗೊತ್ತಿತ್ತು. ಕೌಂಟಿ ಕಚೇರಿಯ ಮದುವೆ ಪುಸ್ತಕದಲ್ಲಿ ಎರಡು ಹೆಸರು, ಒಂದು ತಾರೀಖು. ಪಾದ್ರಿಯ ಪುಸ್ತಕದಲ್ಲಿ ಅದೇ ಮದುವೆಗೆ ತಂದೆತಾಯಿ, ಊರು, ಸಾಕ್ಷಿಗಳು. ಆ ಮದುವೆ ಮಾಡಿಸಿದ ಪಾದ್ರಿಯ ಹೆಸರು ಕೌಂಟಿ ಪುಸ್ತಕದಲ್ಲಿರುತ್ತದೆ. ಅದರಿಂದಲೇ ಚರ್ಚು ಯಾವುದೆಂದು ಪತ್ತೆ ಮಾಡುವುದು. ಚರ್ಚುಗಳ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಮಿಸೌರಿಯಲ್ಲಿ 1840ರಲ್ಲಿ ಹುಟ್ಟಿದ ಜರ್ಮನ್ ಇವಾಂಜೆಲಿಕಲ್ ಒಕ್ಕೂಟ 1934ರಲ್ಲಿ ರಿಫಾರ್ಮ್ಡ್ ಚರ್ಚಿನೊಂದಿಗೆ, 1957ರಲ್ಲಿ ಕಾಂಗ್ರಿಗೇಷನಲ್ ಕ್ರಿಶ್ಚಿಯನ್ ಚರ್ಚುಗಳೊಂದಿಗೆ ಒಂದಾಗಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಆಯಿತು. ಆದ್ದರಿಂದ ಇವತ್ತಿನ ಬೋರ್ಡಿನ ಮೇಲೆ ಈ ಹೆಸರಿರುವ ಹಳೆಯ ಚರ್ಚುಗಳನ್ನು ವಿಚಾರಿಸಿ. ಮುಚ್ಚಿಹೋದ ಚರ್ಚುಗಳ ಪುಸ್ತಕಗಳಿಗೆ ಸೇಂಟ್ ಲೂಯಿಸ್ ಬಳಿಯ ಈಡನ್ ಸೆಮಿನರಿಯ ದಾಖಲೆ ಭಂಡಾರ, ಲೂಥರನ್ನರಾದರೆ ಕನ್ಕಾರ್ಡಿಯಾ ಹಿಸ್ಟಾರಿಕಲ್ ಇನ್‌ಸ್ಟಿಟ್ಯೂಟ್.

ಒಂದು ಮರಣದ ದಾಖಲೆ ಹೀಗಿರುತ್ತದೆ: ಕ್ರಮಸಂಖ್ಯೆ, ಹೆಸರು, ‘ಗೆಬ್ಯುರ್ಟಿಶ್ ಔಸ್’ ಎಂದರೆ ‘ಇಂಥ ಊರಿನವನು’, ಕಾಯಿಲೆ, ಸತ್ತ ದಿನ, ಹೂತ ದಿನ, ಕೊನೆಗೆ ವಯಸ್ಸು. ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಬರೆದಿರುತ್ತಾರೆ. 1889ರ ಮಾರ್ಚ್ 14ರಂದು 72 ವರ್ಷ 3 ತಿಂಗಳು 11 ದಿನದವನಾಗಿ ಸತ್ತ ಎಂದರೆ, ಹಿಂದಕ್ಕೆ ಕಳೆದು 1816ರ ಡಿಸೆಂಬರ್ 3. ಒಂದೆರಡು ದಿನ ಆಚೀಚೆ ಆಗಬಹುದು, ಅಷ್ಟೇ. ಸಮಾಧಿ ಕಲ್ಲಿನ ವಯಸ್ಸಿಗೂ ಇದೇ ಲೆಕ್ಕ. ‘ಗೆಬ್’ ಎಂಬ ಸಂಕ್ಷೇಪವನ್ನು ಮಾತ್ರ ಎಚ್ಚರದಿಂದ ಓದಿ: ತಾರೀಖಿನ ಹಿಂದೆ ಬಂದರೆ ‘ಹುಟ್ಟಿದ್ದು’, ಹೆಂಗಸಿನ ಹೆಸರಿನ ಮುಂದೆ ಬಂದು ಇನ್ನೊಂದು ಹೆಸರಿದ್ದರೆ ಅದು ಆಕೆಯ ತವರಿನ ಹೆಸರು.

ಈ ಮನೆತನದಲ್ಲಿ ಯಜಮಾನನ ದಾಖಲೆಯಲ್ಲಿ ‘ಹ್ಯಾನೋವರ್’ ಎಂದಷ್ಟೇ ಇತ್ತು. ಊರು ಸಿಕ್ಕಿದ್ದು ಪಕ್ಕದ ಜಮೀನಿನವನ ಮರಣದಲ್ಲಿ. ಜರ್ಮನ್ನರು ಒಬ್ಬೊಬ್ಬರೇ ಬರಲಿಲ್ಲ. ಊರಿನವರು, ನೆಂಟರು ಒಬ್ಬರ ಹಿಂದೆ ಒಬ್ಬರು ಬಂದು ಅಕ್ಕಪಕ್ಕ ನೆಲೆಸಿದರು. ಅದಕ್ಕೇ ಗಣತಿಯಲ್ಲಿ ನಮ್ಮ ಮನೆಯ ಪುಟದ ಹಿಂದೆ ಐದು, ಮುಂದೆ ಐದು ಪುಟ ಓದಿ (1850ರ ಗಣತಿಯಲ್ಲಿ ಪುಟಕ್ಕೆ 42 ಸಾಲು) ಹ್ಯಾನೋವರಿನವರೆಲ್ಲರ ಪಟ್ಟಿ ಮಾಡಿಕೊಳ್ಳುತ್ತೇನೆ. ಅದಕ್ಕೆ ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಜ್ಞಾನತಂದೆ, ಜ್ಞಾನತಾಯಂದಿರನ್ನೂ ಮದುವೆಯ ಸಾಕ್ಷಿಗಳನ್ನೂ ಸೇರಿಸುತ್ತೇನೆ. ಆ ಪಟ್ಟಿಯ ಪ್ರತಿಯೊಬ್ಬರ ಮರಣ, ಮದುವೆ ನೋಡಬೇಕು. ಮೂವರು ಒಂದೇ ಊರಿನವರೆಂದು ಬಂದರೆ ನಮ್ಮವನೂ ಅಲ್ಲೇ ಸುತ್ತಮುತ್ತಲವನು ಎಂದು ಹಿಡಿದು ಹುಡುಕಬಹುದು. ಬೇಸರದ ಕೆಲಸ, ಆದರೆ ಇದಕ್ಕಿಂತ ಚೆನ್ನಾಗಿ ಫಲ ಕೊಡುವ ಇನ್ನೊಂದು ದಾರಿ ನನಗೆ ಸಿಕ್ಕಿಲ್ಲ.

ಜರ್ಮನ್ ಪತ್ರಿಕೆಗಳನ್ನೂ ನೋಡಿ, ಸೇಂಟ್ ಲೂಯಿಸಿನ ವೆಸ್ಟ್‌ಲಿಶ ಪೋಸ್ಟ್‌ನಂಥವು. ಅವು ಫ್ರಾಕ್ಟೂರ್ ಎಂಬ ಹಳೆಯ ಜರ್ಮನ್ ಅಚ್ಚಕ್ಷರದಲ್ಲಿರುವುದರಿಂದ ಕಂಪ್ಯೂಟರ್ ತಪ್ಪು ಓದುತ್ತದೆ: ಉದ್ದನೆಯ ‘ಎಸ್’ ಅದಕ್ಕೆ ‘ಎಫ್’ ಆಗಿ ಕಾಣುತ್ತದೆ. ‘ಹೆಸ್ಸೆನ್’ ಸಿಗದಿದ್ದರೆ ‘ಹೆಫ್ಫೆನ್’ ಹಾಕಿ.

ಊರಿನ ಹೆಸರು ಸಿಕ್ಕ ಮೇಲೆ ಅದು ಯಾವ ಊರು ಎಂಬ ಪ್ರಶ್ನೆ. ನೊಯೆನ್‌ಕಿರ್ಶೆನ್ ಎಂಬ ಊರು ಒಸ್ನಾಬ್ರುಕ್ ಸುತ್ತಲೇ ಒಂದಕ್ಕಿಂತ ಹೆಚ್ಚಿವೆ. 1912ರ ಮೈಯರ್ಸ್ ಗ್ಯಾಸೆಟಿಯರ್ ಆನ್‌ಲೈನಿನಲ್ಲಿ ಉಚಿತವಾಗಿದೆ. ಯಾವ ಹಳ್ಳಿ ಯಾವ ಜಿಲ್ಲೆ, ನೋಂದಣಿ ಕಚೇರಿ ಎಲ್ಲಿ, ಊರಲ್ಲೇ ಚರ್ಚು ಇದೆಯೇ ಎಂದು ಅದು ಹೇಳುತ್ತದೆ. ಸಣ್ಣ ಹಳ್ಳಿಯವರ ದಾಖಲೆ ಪಕ್ಕದ ದೊಡ್ಡ ಊರಿನ ಚರ್ಚಿನಲ್ಲಿರುತ್ತದೆ. ಪ್ರಾಟೆಸ್ಟೆಂಟ್ ಆದರೆ ಆರ್ಕಿಯಾನ್ ತಾಣ (ಹಣ ಕಟ್ಟಬೇಕು), ಕ್ಯಾಥೊಲಿಕ್ ಆದರೆ ಮಾಟ್ರಿಕುಲಾ (ಉಚಿತ), ಎರಡಕ್ಕೂ ಫ್ಯಾಮಿಲಿಸರ್ಚ್. ಸರ್ಕಾರಿ ನೋಂದಣಿ ಪ್ರಷ್ಯಾದಲ್ಲಿ 1874ರ ಅಕ್ಟೋಬರಿನಿಂದ, ಇಡೀ ಜರ್ಮನಿಯಲ್ಲಿ 1876ರಿಂದ. 1840ರ ದಶಕದಲ್ಲಿ ಹೊರಟವರಿಗೆ ಅದು ಉಪಯೋಗವಿಲ್ಲ.

ಕೈಬರಹ ಕುರೆಂಟ್ ಎಂಬ ಹಳೆಯ ಲಿಪಿ. ಅದರಲ್ಲಿ ‘ಇ’ ಅಕ್ಷರ ಥೇಟ್ ‘ಎನ್’ ಹಾಗೆ; ‘ಯು’ ಅಕ್ಷರದ ತಲೆಯ ಮೇಲೆ ಸಣ್ಣ ಬಿಲ್ಲು ಇರುತ್ತದೆ, ಅದೊಂದೇ ಗುರುತು. ಓದಿ ಕಲಿಯುವುದಕ್ಕಿಂತ ಬರೆದು ಕಲಿಯುವುದು ಬೇಗ. ದಿನಕ್ಕೆ ಅರ್ಧ ಗಂಟೆ, ಎರಡು ಮೂರು ವಾರ, ಕೈಯಲ್ಲಿ ಊರಿನ ಹೆಸರು, ಮನೆಯವರ ಹೆಸರು ಬರೆಯುತ್ತ ಹೋಗಿ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಸಹಾಯ ಮಾಡುತ್ತದೆ, ಹೆಸರುಗಳಲ್ಲಿ ಮಾತ್ರ ಅದನ್ನು ನಂಬಬೇಡಿ. ‘7ಬರ್’ ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್, ‘8ಬರ್’ ಅಕ್ಟೋಬರ್.

ಒಸ್ನಾಬ್ರುಕ್, ವೆಸ್ಟ್‌ಫಾಲಿಯಾ ಕಡೆ ಇನ್ನೊಂದು ತೊಡಕು, ಹೊಲಮನೆಯ ಹೆಸರು. ಹೆಣ್ಣುಮಗಳಿಗೆ ಜಮೀನು ಬಂದಿದ್ದರೆ ಮನೆಅಳಿಯನಾಗಿ ಬಂದವನು ಆ ಮನೆಯ ಹೆಸರನ್ನೇ ಹೊತ್ತುಕೊಳ್ಳುತ್ತಿದ್ದ. ದಾಖಲೆಯಲ್ಲಿ ಎರಡು ಹೆಸರುಗಳ ನಡುವೆ ‘ಗೆನಾಂಟ್’ ಎಂದಿದ್ದರೆ ಇದೇ. ಅಮೆರಿಕಕ್ಕೆ ಹೋದ ಮೇಲೆ ಅಣ್ಣ ಒಂದು ಹೆಸರು, ತಮ್ಮ ಇನ್ನೊಂದು ಹೆಸರು ಉಳಿಸಿಕೊಂಡದ್ದೂ ಇದೆ.

ಹೆಸರು, ತಾರೀಖು ಎರಡೂ ಕೂಡುವ ಮಗು ಸಿಕ್ಕ ಕೂಡಲೇ ಕೆಲಸ ಮುಗಿಯಲಿಲ್ಲ. ಅದೇ ಪುಸ್ತಕದಲ್ಲಿ ಆ ಮಗುವಿನ ಮರಣವನ್ನೂ ಮದುವೆಯನ್ನೂ ಹುಡುಕಿ. ಮೂರನೆಯ ವರ್ಷಕ್ಕೆ ಮಣ್ಣಾದ ಮಗು ಮಿಸೌರಿಯಲ್ಲಿ ಹೊಲ ಉಳಲಾರದು. ಆನ್‌ಲೈನಿನ ವಂಶವೃಕ್ಷಗಳಲ್ಲಿ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡ ತಪ್ಪುಗಳಲ್ಲಿ ಇದೇ ಹೆಚ್ಚು. ಜೊತೆಗೆ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಕನಿಷ್ಠ ಇಬ್ಬರಾದರೂ ಸಾಗರದ ಎರಡೂ ದಡದ ದಾಖಲೆಯಲ್ಲಿ ತಾಳೆಯಾಗಬೇಕು ಎಂಬುದು ನನ್ನ ನಿಯಮ. ಸಿಗದ ಹುಡುಕಾಟವನ್ನೂ ಬರೆದಿಡಿ: ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷ, ಯಾವ ಕಾಗುಣಿತ.

ಪುಸ್ತಕ ಆನ್‌ಲೈನಿನಲ್ಲಿ ಇಲ್ಲದಿದ್ದರೆ ಪ್ಯಾರಿಷ್ ಕಚೇರಿಗೋ ಚರ್ಚಿನ ದಾಖಲೆ ಭಂಡಾರಕ್ಕೋ ಜರ್ಮನ್‌ನಲ್ಲಿ ಪತ್ರ ಬರೆಯಿರಿ. ಒಂದು ಪುಟ, ಒಬ್ಬ ವ್ಯಕ್ತಿ, ಒಂದೇ ಪ್ರಶ್ನೆ. ತಾರೀಖನ್ನು ದಿನ, ತಿಂಗಳು, ವರ್ಷದ ಕ್ರಮದಲ್ಲಿ ಬರೆದು ತಿಂಗಳನ್ನು ಅಕ್ಷರದಲ್ಲೇ ಹಾಕಿ. ಅಮೆರಿಕದ ಕ್ರಮದಲ್ಲಿ 3/12 ಎಂದರೆ ಅವರು ಡಿಸೆಂಬರ್ ಮೂರನ್ನು ಹುಡುಕುತ್ತಾರೆ. ಹುಡುಕಾಟದ ಶುಲ್ಕ ಕೊಡಲು ಸಿದ್ಧ ಎಂದು ಮೊದಲ ಸಾಲಿನಲ್ಲೇ ತಿಳಿಸಿ, ಉತ್ತರಕ್ಕೆ ಕೆಲವು ತಿಂಗಳು ಕಾಯಿರಿ.