ಮೇಲ್ ಸರ್ವರ್‌ನಲ್ಲಿ ಹಂಚಿಕೆಯ ಫೋಲ್ಡರ್: ಯಾರಿಗೆ ಎಷ್ಟು ಅನುಮತಿ?

ದೂರು, ವಿಚಾರಣೆ, ಬಿಲ್ಲುಗಳಿಗೆಂದು ಕಚೇರಿಗೊಂದು ಸಾಮಾನ್ಯ ಇಮೇಲ್ ವಿಳಾಸ ಇರುತ್ತದೆ. ನೋಡಿಕೊಳ್ಳುವವರು ನಾಲ್ಕೈದು ಮಂದಿ, ಪಾಸ್‌ವರ್ಡ್ ಮಾತ್ರ ಒಂದೇ. ಮುಖ್ಯವಾದ ಪತ್ರವೊಂದು ಕಾಣೆಯಾದ ದಿನ ಅಳಿಸಿದ್ದು ಯಾರೆಂದು ಸರ್ವರ್‌ನ ಲಾಗ್ ನೋಡಿದರೂ ತಿಳಿಯುವುದಿಲ್ಲ, ಅಲ್ಲಿರುವುದೂ ಒಂದೇ ಹೆಸರು. ಪಾಸ್‌ವರ್ಡ್ ಹಂಚುವ ಬದಲು ಫೋಲ್ಡರ್ ಹಂಚಿ. ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ಓದುವ ಐಮ್ಯಾಪ್ ವಿಧಾನದಲ್ಲಿ ಇದಕ್ಕೆ 1997ರಿಂದಲೇ ವ್ಯವಸ್ಥೆಯಿದೆ. ಈಗ ಬಳಕೆಯಲ್ಲಿರುವುದು 2005ರಲ್ಲಿ ಪರಿಷ್ಕರಿಸಿದ ಆರ್‌ಎಫ್‌ಸಿ 4314 ನಿಯಮಾವಳಿ. ಹೆಚ್ಚು ಬಳಕೆಯಲ್ಲಿರುವ ಡವ್‌ಕಾಟ್ ಸರ್ವರ್ ಇಟ್ಟುಕೊಂಡು ಕ್ರಮವನ್ನು ನೋಡೋಣ.

ಸರ್ವರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಫೋಲ್ಡರ್‌ಗಳು, ಮೇಲೆ ಗುಂಪುಗಳು. ಯಾರು ಓದಬೇಕು, ಯಾರು ಅಳಿಸಬಹುದು ಎಂದು ಬರೆಯಿರಿ. ವ್ಯಕ್ತಿಗಳ ಹೆಸರಿಗಿಂತ ಗುಂಪಿಗೆ ಅನುಮತಿ ಕೊಡುವುದು ಒಳ್ಳೆಯದು. ಜನ ಬದಲಾದರೂ ಪಟ್ಟಿ ಬದಲಾಗಬೇಕಿಲ್ಲ.

ನಂತರ ಡವ್‌ಕಾಟ್‌ನ ಎಸಿಎಲ್ (ಅನುಮತಿ ಪಟ್ಟಿ) ಪ್ಲಗಿನ್ ಚಾಲೂ ಮಾಡಿ, ಹಂಚಿಕೆಗೆಂದೇ ಪ್ರತ್ಯೇಕ ನೇಮ್‌ಸ್ಪೇಸ್, ಅಂದರೆ ಫೋಲ್ಡರ್‌ಗಳ ವಿಭಾಗ, ಸೇರಿಸಿ. ಕಚೇರಿಯ ಸಾಮಾನ್ಯ ಪತ್ರಗಳಿಗೆ ಪಬ್ಲಿಕ್ ಎಂಬ ಬಗೆ, ಒಬ್ಬರು ತಮ್ಮ ಫೋಲ್ಡರನ್ನು ಮತ್ತೊಬ್ಬರಿಗೆ ತೆರೆಯಲು ಶೇರ್ಡ್ ಎಂಬ ಬಗೆ. 2.4ನೇ ಆವೃತ್ತಿಯಲ್ಲಿ ಸೆಟ್ಟಿಂಗ್ ಬರೆಯುವ ರೀತಿ ಬದಲಾಗಿದೆ, ಹಳೆಯ ಫೈಲನ್ನು ಹಾಗೇ ನಕಲು ಮಾಡಬೇಡಿ.

ಇನ್ನು ಅನುಮತಿಗಳು. ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ಎಲ್ ಇದ್ದರೆ ಫೋಲ್ಡರ್ ಪಟ್ಟಿಯಲ್ಲಿ ಕಾಣುತ್ತದೆ, ಆರ್ ಇದ್ದರೆ ಪತ್ರ ಓದಬಹುದು, ಐ ಇದ್ದರೆ ಹೊಸದನ್ನು ಸೇರಿಸಬಹುದು. ಹಳೆಯ ನಿಯಮದಲ್ಲಿ ಪತ್ರ ಅಳಿಸಲು ಡಿ ಎಂಬ ಒಂದೇ ಅಕ್ಷರವಿತ್ತು. 2005ರಲ್ಲಿ ಅದನ್ನು ಒಡೆದರು. ಈಗ ಪತ್ರಕ್ಕೆ ‘ಅಳಿಸಿ’ ಎಂಬ ಗುರುತು ಹಾಕಲು ಟಿ, ಅದನ್ನು ಶಾಶ್ವತವಾಗಿ ತೆಗೆಯಲು ಇ, ಇಡೀ ಫೋಲ್ಡರನ್ನೇ ಅಳಿಸಲು ಎಕ್ಸ್. ಹೆಚ್ಚಿನವರು ಎಡವುವುದು ಇಲ್ಲೇ. ಪತ್ರವನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಸರಿಸುವುದೆಂದರೆ ಅಲ್ಲಿ ಸೇರಿಸಿ ಇಲ್ಲಿ ತೆಗೆಯುವುದು. ಹಾಗಾಗಿ ಮೂಲ ಫೋಲ್ಡರ್‌ನಲ್ಲಿ ಟಿ ಮತ್ತು ಇ ಎರಡೂ ಬೇಕು. ಸುರಕ್ಷತೆಗೆಂದು ಅವನ್ನು ಕೊಡದಿದ್ದರೆ ‘ಮುಗಿದಿದೆ’ ಫೋಲ್ಡರ್‌ಗೆ ಪತ್ರ ಸರಿಸಲು ಯಾರಿಗೂ ಆಗುವುದಿಲ್ಲ. ಅಳಿಸುವ ಹಕ್ಕು ಕೊಡಲು ಮನಸ್ಸಿಲ್ಲದಿದ್ದರೆ, ಸರಿಸುವ ಪದ್ಧತಿ ಬಿಟ್ಟು ಪತ್ರಕ್ಕೆ ಗುರುತು ಹಚ್ಚುವ ಪದ್ಧತಿ ಇಟ್ಟುಕೊಳ್ಳಿ. ಅದಕ್ಕೆ ಡಬ್ಲ್ಯೂ ಸಾಕು. ಎ ಎಂಬುದು ಬೇರೆಯವರ ಅನುಮತಿಯನ್ನೇ ಬದಲಿಸುವ ಅಧಿಕಾರ, ಅದು ಒಬ್ಬಿಬ್ಬರಲ್ಲಷ್ಟೇ ಇರಲಿ.

ಪತ್ರಕ್ಕೆ ‘ಓದಿದ್ದು’ ಎಂಬ ಗುರುತು ಹಾಕಲು ಬಿಡುವ ಎಸ್ ಎಂಬ ಅಕ್ಷರ ಚಿಕ್ಕದು, ಪರಿಣಾಮ ದೊಡ್ಡದು. ಒಬ್ಬರು ತೆರೆದ ಪತ್ರ ಸಾಮಾನ್ಯವಾಗಿ ಎಲ್ಲರಿಗೂ ‘ಓದಿದ್ದು’ ಎಂದೇ ಕಾಣುತ್ತದೆ. ಉತ್ತರ ಹೋಗಿದೆ ಎಂದು ಉಳಿದವರು ಭಾವಿಸುತ್ತಾರೆ, ದೂರು ಕೊಟ್ಟವರು ಕಾಯುತ್ತಲೇ ಇರುತ್ತಾರೆ. ಡವ್‌ಕಾಟ್‌ನಲ್ಲಿ ಈ ಗುರುತನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಇಡುವ ಖಾಸಗಿ ಇಂಡೆಕ್ಸ್ ಸೌಲಭ್ಯವಿದೆ. ಅದನ್ನು ಬಳಸಿ.

ಮೇಲಿನ ಫೋಲ್ಡರ್‌ನ ಅನುಮತಿ ಬದಲಿಸಿದರೆ ಒಳಗಿನವು ತಾವಾಗಿ ಬದಲಾಗುತ್ತವೆ ಎಂದುಕೊಳ್ಳಬೇಡಿ. ಡವ್‌ಕಾಟ್ ಹೊಸ ಫೋಲ್ಡರ್ ಸೃಷ್ಟಿಯಾಗುವಾಗ ಮೇಲಿನದರ ಪಟ್ಟಿಯನ್ನು ನಕಲು ಮಾಡುತ್ತದೆ, ಅಷ್ಟೇ. ಮುಂದಿನ ಬದಲಾವಣೆಗಳನ್ನು ಒಂದೊಂದಕ್ಕೂ ನೀವೇ ಮಾಡಬೇಕು.

ಸಾಮಾನ್ಯ ವಿಳಾಸದ ಹೆಸರಿನಲ್ಲಿ ಉತ್ತರ ಕಳಿಸುವುದು ಬೇರೆಯೇ ಸಂಗತಿ. ಫೋಲ್ಡರ್‌ನ ವಿಳಾಸಕ್ಕೆ ಪತ್ರ ಕಳಿಸುವ ಪಿ ಎಂಬ ಅನುಮತಿ ಅದಕ್ಕಲ್ಲ. ಯಾವ ಖಾತೆಯವರು ಯಾವ ವಿಳಾಸದಿಂದ ಕಳಿಸಬಹುದು ಎಂಬುದನ್ನು ಪೋಸ್ಟ್‌ಫಿಕ್ಸ್‌ನಂಥ ರವಾನೆ ಸರ್ವರ್‌ನಲ್ಲಿ ನಮೂದಿಸಬೇಕು.

ಎಲ್ಲ ಮುಗಿದ ಮೇಲೆ ಅತಿ ಕಡಿಮೆ ಅನುಮತಿ ಇರುವ ಖಾತೆಯಿಂದ ಲಾಗಿನ್ ಆಗಿ ಪರೀಕ್ಷಾ ಪತ್ರವೊಂದನ್ನು ಅಳಿಸಲು ಯತ್ನಿಸಿ, ಆಗಬಾರದು. ಫೋಲ್ಡರೇ ಕಾಣದಿದ್ದರೆ ಮೇಲ್ ತಂತ್ರಾಂಶದಲ್ಲಿ ಅದಕ್ಕೆ ಸಬ್‌ಸ್ಕ್ರೈಬ್ ಆಗಿದ್ದೀರಾ, ಅಂದರೆ ತೋರಿಸಬೇಕಾದ ಫೋಲ್ಡರ್‌ಗಳ ಪಟ್ಟಿಗೆ ಅದನ್ನು ಸೇರಿಸಿದ್ದೀರಾ ನೋಡಿ. ಐಮ್ಯಾಪ್ ಬದಲು, ಪತ್ರಗಳನ್ನು ಇಳಿಸಿಕೊಳ್ಳುವ ಪಾಪ್ ವಿಧಾನದ ಮೂಲಕ ಜೋಡಿಸಿದ ಖಾತೆಗೆ ಇನ್‌ಬಾಕ್ಸ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕೆಲಸ ಬಿಟ್ಟವರ ಖಾತೆ ಅಳಿಸುವಾಗ ಅನುಮತಿ ಪಟ್ಟಿಯಿಂದಲೂ ಅವರ ಹೆಸರು ತೆಗೆಯಿರಿ. ಇಲ್ಲವಾದರೆ ಮುಂದೆ ಅದೇ ಹೆಸರಿನಲ್ಲಿ ಖಾತೆ ತೆರೆದಾಗ ಹಳಬರ ಹಕ್ಕುಗಳೆಲ್ಲ ಹೊಸಬರ ಪಾಲಾಗುತ್ತವೆ.