ಆರಿದ್ರಾ ಮಳೆಗೆ ಬಿಗಿಯುವ ಡ್ರಾಯರುಗಳು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಲೆಕ್ಕ ಬರೆಯುತ್ತಿದ್ದ ಮೇಜೊಂದು ಇಂದಿಗೂ ಇದೆ. ಮೇಲ್ಹಲಗೆ ಹೊನ್ನೆಯದು, ಮೂರು ಡ್ರಾಯರುಗಳ ಹಲಗೆಗಳು ಹಲಸಿನವು. ಬೇಸಿಗೆಯಲ್ಲಿ ಕಿರುಬೆರಳಿಗೆ ಬರುವ ಈ ಡ್ರಾಯರುಗಳು ಮೃಗಶಿರಾ ಮಳೆಗೆ ಮೆಲ್ಲನೆ ತಕರಾರು ತೆಗೆದು, ಆರಿದ್ರಾ ಮುಗಿಯುವಷ್ಟರಲ್ಲಿ ಮೊಳೆ ಹೊಡೆದಂತೆ ಕೂತುಬಿಡುತ್ತವೆ. ಇಪ್ಪತ್ತೈದರ ಹರೆಯದಲ್ಲಿ ನಾನು ಈ ತಕರಾರನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಹೊರಟು, ಜುಲೈ ತಿಂಗಳಿನ ಜಡಿಮಳೆಯಲ್ಲಿಯೇ ನಡುವಿನ ಡ್ರಾಯರನ್ನು ಹೊರಗೆಳೆದು, ಅದರ ಎಡಬಲದ ಹಲಗೆಗಳಿಗೆ ಹತ್ತರಿ ಹೊಡೆದೆ. ಶಿವರಾತ್ರಿಯ ಹೊತ್ತಿಗೆ ಅದು ಗೂಡಿನೊಳಗೆ ಅತ್ತಿತ್ತ ಗಡಗಡ ಅಲ್ಲಾಡತೊಡಗಿತು; ಹೋಗಲಿ ಎಂದರೆ ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತಲೂ ಬಲವಾಗಿ ಕಚ್ಚಿಕೊಂಡಿತು. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಆಚಾರ್ರು ಅದನ್ನು ತಿರುಗಿಸಿ ನೋಡಿ, "ಹಿಡಿಯುವುದು ಒಂದು ಕಡೆ, ನೀವು ಕೆತ್ತಿದ್ದು ಇನ್ನೊಂದು ಕಡೆ" ಎಂದಷ್ಟೇ ಹೇಳಿದರು.

ಮರವು ತೇವವನ್ನು ಕುಡಿದಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಹಿಗ್ಗುವುದಿಲ್ಲ. ನಾರು ಹರಿದಿರುವ ಉದ್ದಕ್ಕೆ ಅದು ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ನಾರಿಗೆ ಅಡ್ಡಲಾಗಿ, ಎಂದರೆ ಹಲಗೆಯ ಅಗಲಕ್ಕೆ ಬೆಳೆಯುವುದೇ ಹೆಚ್ಚು. ಒಣ ತಿಂಗಳುಗಳಲ್ಲಿ ಮನೆಯ ಮರದ ಸಾಮಾನಿನಲ್ಲಿ ಅದರ ಒಣತೂಕದ ಶೇ. 10ರ ಆಸುಪಾಸಿನಲ್ಲಿರುವ ನೀರಿನಂಶವು, ವಾರಗಟ್ಟಲೆ ಬಿಸಿಲು ಕಾಣದ ಮಲೆನಾಡಿನ ಮಳೆಗಾಲದಲ್ಲಿ ಶೇ. 18ರವರೆಗೂ ಏರಬಲ್ಲದು. ಹಾಗಾದಾಗ 6 ಇಂಚು ಅಗಲದ ಹಲಗೆಯೊಂದು 1ರಿಂದ 2 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಈಗ ಡ್ರಾಯರನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಪಕ್ಕದ ಹಲಗೆಗಳ ನಾರು ಮುಂದಿನಿಂದ ಹಿಂದಕ್ಕೆ ಹರಿದಿರುತ್ತದೆ, ಮುಖದ ಹಲಗೆಯ ನಾರು ಎಡದಿಂದ ಬಲಕ್ಕೆ. ಆದ್ದರಿಂದ ಡ್ರಾಯರು ಉದ್ದವೂ ಆಗುವುದಿಲ್ಲ, ಎಡಬಲಕ್ಕೆ ದಪ್ಪವೂ ಆಗುವುದಿಲ್ಲ, ಅದು ಎತ್ತರವಾಗುತ್ತದೆ. ಮಳೆಗಾಲದಲ್ಲಿ ಹಿಡಿದುಕೊಳ್ಳುವುದು ಬಹುತೇಕ ಅದರ ಮೇಲಂಚು. ನಾನು ಪಕ್ಕಗಳನ್ನು ಕೆತ್ತಿ ಅದಕ್ಕೆ ಅಲ್ಲಾಡುವ ಜಾಗ ಮಾಡಿಕೊಟ್ಟೆನೇ ಹೊರತು ಮೇಲಂಚನ್ನು ಮುಟ್ಟಿರಲಿಲ್ಲ.

ಮುಚ್ಚಿದ ಡ್ರಾಯರು ತೆರೆಯದೇ ಹೋದಾಗ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಗುಬುಟನ್ನು ಹಿಡಿದು ಜಗ್ಗುವುದು. ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಹಾಗೆ ಜಗ್ಗಿದಾಗ ಬರುವುದು ಡ್ರಾಯರಲ್ಲ, ಗುಬುಟು. ಇಲ್ಲವೇ ಮುಖದ ಹಲಗೆಯೇ ಪಕ್ಕದ ಹಲಗೆಗಳ ಕಚ್ಚಿನಿಂದ ಬಿಟ್ಟು ಕೈಗೆ ಬರುತ್ತದೆ. ಮೊದಲು ಅಂಗೈಯಿಂದ ಒಳಕ್ಕೆ ತಳ್ಳಿ. ಕೂದಲೆಳೆಯಷ್ಟು ಒಳಗೆ ಸರಿದರೂ ಹಿಡಿತ ಸಡಿಲುತ್ತದೆ. ಅನಂತರ ಮುಖದ ಹಲಗೆಯ ಎರಡೂ ತುದಿಗಳನ್ನು ಹಿಡಿದು, ಒಮ್ಮೆ ಎಡ, ಒಮ್ಮೆ ಬಲ ಎಂಬಂತೆ ಸ್ವಲ್ಪ ಸ್ವಲ್ಪವೇ ಹೊರತನ್ನಿ. ಅದಕ್ಕೂ ಬಗ್ಗದಿದ್ದರೆ ಮೇಲಿನ ಡ್ರಾಯರನ್ನು ಪೂರ್ತಿ ಹೊರತೆಗೆದು, ಆ ಗೂಡಿನೊಳಗೆ ಕೈಹಾಕಿ ಕೆಳಗಿನದನ್ನು ಹಿಂದಿನಿಂದ ಮುಂದಕ್ಕೆ ನೂಕಬಹುದು. ಮೇಲೆ ಡ್ರಾಯರಿಲ್ಲದ ಮೇಜಾದರೆ ಅದನ್ನು ಗೋಡೆಯಿಂದ ಸರಿಸಿ, ಹಿಂಬದಿಯ ತೆಳುಹಲಗೆಯ ಮೊಳೆಗಳನ್ನು ಬಿಡಿಸಿದರೆ ದಾರಿ ಸಿಗುತ್ತದೆ. ಆ ಹಲಗೆ ಯಾರಿಗೂ ಕಾಣುವುದಿಲ್ಲವಾದ್ದರಿಂದ ಮತ್ತೆ ಹೊಡೆಯುವಾಗ ಅಂದಗೆಟ್ಟರೂ ಚಿಂತೆಯಿಲ್ಲ. ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವುದು ಕೊನೆಯ ದಾರಿ. ಮೀಟಲೇಬೇಕೆಂದಾದರೆ ಎರಡೂ ಕಡೆ ದಪ್ಪ ರಟ್ಟನ್ನು ಇಟ್ಟುಕೊಳ್ಳಿ, ಇಲ್ಲವಾದರೆ ಅಂಚಿನಲ್ಲಿ ಏಳುವ ಗಾಯ ಮೇಜು ಇರುವವರೆಗೂ ಇರುತ್ತದೆ.

ಅಡುಗೆಮನೆಯ ಡ್ರಾಯರಿನ ವಿಷಯ ಬೇರೆ. ಅದು ಎರಡಿಂಚು ತೆರೆದು ನಿಂತಿತೆಂದರೆ ಒಳಗೆ ಸೌಟೋ ಜಾಲರಿಯೋ ತಲೆಯೆತ್ತಿ ಮೇಲಿನ ಪಟ್ಟಿಗೆ ತಗುಲಿಕೊಂಡಿದೆ ಎಂದೇ ತಿಳಿಯಿರಿ. ಸ್ಟೀಲಿನ ಅಡಿಕೋಲನ್ನೋ ಹಳೆಯ ಹ್ಯಾಕ್ಸಾ ಬ್ಲೇಡನ್ನೋ ಸಂದಿಯಲ್ಲಿ ಅಡ್ಡಲಾಗಿ ತೂರಿಸಿ, ತಗುಲಿದ ವಸ್ತುವನ್ನು ಕೆಳಕ್ಕೆ ಒತ್ತಿಹಿಡಿದು ಎಳೆದರೆ ಸಾಕು. ಬೀಗವಿರುವ ಡ್ರಾಯರಾದರೆ ಬೀಗದ ನಾಲಿಗೆ ಅರ್ಧ ಮೇಲೆದ್ದು ನಿಂತಿದೆಯೇ ಎಂದು ಟಾರ್ಚು ಹಿಡಿದು ನೋಡುವುದು ಒಳ್ಳೆಯದು. ಹಿಂದೊಮ್ಮೆ ಒಂದು ಮಧ್ಯಾಹ್ನವಿಡೀ ಮರವನ್ನು ಬೈದ ಮೇಲೆ ತಪ್ಪು ಬೀಗದ್ದೆಂದು ನನಗೆ ತಿಳಿದಿದ್ದುಂಟು.

ಡ್ರಾಯರು ಹೊರಬಂದ ಮೇಲೆ ಎಲ್ಲಿ ಉಜ್ಜುತ್ತಿದೆಯೆಂದು ಪತ್ತೆ ಮಾಡುವುದೇ ಈ ಕೆಲಸದ ಮುಕ್ಕಾಲು ಪಾಲು. ಹಳೆಯ ಡ್ರಾಯರುಗಳಲ್ಲಿ ಉಜ್ಜಿದ ಜಾಗ ತಾನೇ ಹೊಳೆಯುತ್ತಿರುತ್ತದೆ, ಕೆಲವೊಮ್ಮೆ ಕಪ್ಪಾಗಿರುತ್ತದೆ. ಹಾಗೆ ಕಾಣದಿದ್ದರೆ ಬಣ್ಣದ ಸೀಮೆಸುಣ್ಣವನ್ನು ಪಕ್ಕಗಳಿಗೂ ಮೇಲಂಚಿಗೂ ತಳದಂಚಿಗೂ ಧಾರಾಳವಾಗಿ ಬಳಿದು, ಡ್ರಾಯರನ್ನು ಮೂರುನಾಲ್ಕು ಬಾರಿ ಹಾಕಿ ತೆಗೆದು, ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ತಳದ ಹಲಗೆಯನ್ನೂ ತಿರುವಿ ನೋಡಬೇಕು. ಅತಿಯಾದ ಭಾರಕ್ಕೆ ಅದು ನಡುವಿನಲ್ಲಿ ಜೋಲುಬಿದ್ದು ಕೆಳಗಿನ ಪಟ್ಟಿಗೆ ಉಜ್ಜುವುದು ಸಾಮಾನ್ಯ, ಅದರ ಮೊಳೆ ಒಂದೆರಡು ಕೂದಲೆಳೆಯಷ್ಟು ಹೊರಬಂದು ಪಟ್ಟಿಯನ್ನು ಗೀರುವುದೂ ಸಾಮಾನ್ಯ. ಮೊಳೆಯನ್ನು ಒಳಗೆ ಹೊಡೆಯುವುದಕ್ಕೆ ಅರೆ ನಿಮಿಷ ಸಾಕಾದರೆ, ಜೋಲುಬಿದ್ದ ತಳದ ಹಲಗೆಯನ್ನು ಬಿಚ್ಚಿ ಮಗುಚಿ ಹಾಕಿದರೆ ಮತ್ತಷ್ಟು ವರ್ಷ ಬಾಳುತ್ತದೆ. ಗೂಡಿನ ಹಿಂಬದಿಯ ಮೂಲೆಗಳಲ್ಲಿ ಗೆದ್ದಲಿನ ಮಣ್ಣು ಇದೆಯೇ ಎಂದೂ ನೋಡಿಕೊಳ್ಳಿ, ಇದ್ದರೆ ಉಳಿದ ಎಲ್ಲ ಕೆಲಸವೂ ಅದರ ನಂತರ.

ಮಳೆಗಾಲದಲ್ಲಿ ನೀವು ಮಾಡಬೇಕಾದದ್ದು ಜಾರಿಕೆಯನ್ನು ಕೊಡುವುದು ಮಾತ್ರ, ಕೆತ್ತುವುದಲ್ಲ. ಇದಕ್ಕೆ ಮೇಣದ ಬತ್ತಿಗಿಂತ ಅಗ್ಗವೂ ಒಳ್ಳೆಯದೂ ಆದ ಸಾಧನವನ್ನು ನಾನು ಕಂಡಿಲ್ಲ. ಗುರುತು ಹಾಕಿದ ಜಾಗವನ್ನು ಒಣಬಟ್ಟೆಯಿಂದ ಒರೆಸಿ, 120 ನಂಬರಿನ ಉಪ್ಪುಕಾಗದದಿಂದ ನಾರು ಹರಿದ ದಿಕ್ಕಿಗೇ ಹಗುರವಾಗಿ ಉಜ್ಜಿ ನುಣುಪು ಮಾಡಿ, ಬಿಳಿಯ ಮೇಣದ ಬತ್ತಿಯನ್ನು ಬಳಪದಂತೆ ಒತ್ತಿ ತಿಕ್ಕಬೇಕು. ಡ್ರಾಯರಿಗೆ ಮಾತ್ರವಲ್ಲ, ಅದು ಓಡುವ ಗೂಡಿನ ಪಟ್ಟಿಗಳಿಗೂ ತಿಕ್ಕಬೇಕು. ಮನೆಯಲ್ಲಿ ಜೇನುಮೇಣವಿದ್ದರೆ ಅದು ಮೇಣದ ಬತ್ತಿಗಿಂತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಸ್ವಲ್ಪ ಅಂಟಂಟಾಗಿರುವುದರಿಂದ ತೆಳುವಾಗಿ ಹಚ್ಚಿ ಬಟ್ಟೆಯಿಂದ ಉಜ್ಜಬೇಕು. ಬಟ್ಟೆ ಸೋಪಿನ ತುಂಡನ್ನು ತಿಕ್ಕುವ ಪದ್ಧತಿ ನಮ್ಮಲ್ಲಿ ಹಳೆಯದು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು, ಒಂದೆರಡು ವಾರ ಅದು ಚೆನ್ನಾಗಿಯೂ ಓಡುತ್ತಿತ್ತು. ಆದರೆ ಸೋಪು ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗುವ ವಸ್ತುವಾದ್ದರಿಂದ ನಮ್ಮ ಕಡೆಯ ಹವೆಗೆ ಅದು ಹೇಳಿಸಿದ್ದಲ್ಲ. ತೆಂಗಿನೆಣ್ಣೆಯನ್ನಂತೂ ಹಚ್ಚಲೇಬೇಡಿ. ಅದು ಮರದೊಳಗೆ ಇಳಿದು, ಧೂಳನ್ನು ಕೂಡಿಸಿಕೊಂಡು ಜಿಗುಟಾಗಿ, ಒಳಗಿಟ್ಟ ಕಾಗದಪತ್ರಗಳಿಗೆಲ್ಲ ಮುಗ್ಗಲು ಎಣ್ಣೆಯ ವಾಸನೆಯನ್ನು ಕೊಡುತ್ತದೆ.

ಮೇಣಕ್ಕೂ ಬಗ್ಗದಷ್ಟು ಉಬ್ಬಿದ್ದರೆ ಡ್ರಾಯರನ್ನು ಖಾಲಿ ಮಾಡಿ, ಒಲೆಯಿಂದ ದೂರದ ಬೆಚ್ಚನೆಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮೂರುನಾಲ್ಕು ದಿನ ನಿಲ್ಲಿಸಿಡಿ. ಗಾಳಿ ಎಲ್ಲ ಬದಿಗೂ ಆಡುವಂತೆ ಅಂಚಿನ ಮೇಲೆ ನಿಲ್ಲಿಸುವುದು ಮುಖ್ಯ. ಹೇರ್ ಡ್ರೈಯರಿನಿಂದ ಕಾಯಿಸಬಹುದಾದರೂ ಒಂದೇ ಜಾಗಕ್ಕೆ ಹಿಡಿದು ನಿಲ್ಲಬಾರದು. ಅವಸರಪಟ್ಟು ಒಲೆಯ ಪಕ್ಕದಲ್ಲಿಟ್ಟರೆ, ಅಥವಾ ಮಳೆ ಬಿಟ್ಟ ದಿನದ ಚುರುಕು ಬಿಸಿಲಿಗೆ ಹಾಕಿದರೆ, ಒಂದು ಮೈ ಬೇಗ ಒಣಗಿ ಹಲಗೆ ಸೊಟ್ಟಗಾಗುತ್ತದೆ; ಉಬ್ಬಿದ ಹಲಗೆ ಕಾರ್ತಿಕದಲ್ಲಿ ತಾನಾಗಿ ಇಳಿಯುತ್ತದೆ, ಸೊಟ್ಟಗಾದದ್ದು ನೆಟ್ಟಗಾಗುವುದು ಕಷ್ಟ.

ಹತ್ತರಿ ಹೊಡೆಯುವ ಕಾಲ ದೀಪಾವಳಿ ಕಳೆದು, ಅಡಿಕೆ ಕೊಯ್ಲೂ ಒಂದು ಹದಕ್ಕೆ ಬಂದ ಮೇಲಿನದು. ಮಳೆಗಾಲದಲ್ಲಿ ಹಾಕಿದ ಪೆನ್ಸಿಲ್ ಗುರುತುಗಳು ಆಗ ಕೆಲಸಕ್ಕೆ ಬರುತ್ತವೆ. ಒಣಗಿದ ಡ್ರಾಯರನ್ನು ಗೂಡಿಗೆ ಹಾಕಿ, ಮೇಲಂಚಿಗೂ ಗೂಡಿನ ಮೇಲಿನ ಪಟ್ಟಿಗೂ ನಡುವಿನ ಸಂದನ್ನು ಅಳೆಯಿರಿ. ನಮ್ಮ ಮೇಜಿನಂತೆ 6 ಇಂಚು ಎತ್ತರದ ಡ್ರಾಯರಿಗೆ ಜನವರಿಯಲ್ಲಿ 2 ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಕಂಡರೆ ಅದು ಆಷಾಢವನ್ನು ದಾಟುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಕೊರತೆ ಬಿದ್ದಷ್ಟನ್ನು ಮಾತ್ರ ಮೇಲಂಚಿನಿಂದ ತೆಗೆಯಿರಿ. ಹತ್ತರಿಯನ್ನು ತುದಿಗಳಿಂದ ನಡುವಿಗೆ ಓಡಿಸಬೇಕು, ಇಲ್ಲವಾದರೆ ಮೂಲೆಯ ಅಡ್ಡನಾರು ಸೀಳಿ ಬರುತ್ತದೆ. ಹತ್ತರಿಯಲ್ಲಿ ಕೈ ಪಳಗಿಲ್ಲದವರು ಮರದ ತುಂಡಿಗೆ 80 ನಂಬರಿನ ಉಪ್ಪುಕಾಗದವನ್ನು ಸುತ್ತಿಕೊಂಡು ಉಜ್ಜುವುದೇ ಕ್ಷೇಮ; ಸಮಯ ಹಿಡಿಯುತ್ತದೆ, ಆದರೆ ತಪ್ಪು ಮಾಡುವ ವೇಗವೂ ಕಡಿಮೆಯಾಗುತ್ತದೆ.

ಅದೇ ಒಣ ದಿನಗಳಲ್ಲಿ ಮಾಡಿಡಬೇಕಾದ ಇನ್ನೊಂದು ಕೆಲಸವಿದೆ. ನಮ್ಮ ಹಳೆಯ ಸಾಮಾನುಗಳಲ್ಲಿ ಮುಖದ ಹಲಗೆಗೆ ಕನ್ನಡಿಯಂತೆ ಪಾಲಿಷ್ ಮಾಡಿ, ಒಳಗನ್ನು ಬರಿಯ ಮರವಾಗಿಯೇ ಬಿಟ್ಟಿರುತ್ತಾರೆ. ತೇವ ನುಗ್ಗುವುದು ಆ ಬರಿಮೈಯಿಂದ, ಅದರಲ್ಲಿಯೂ ಹಲಗೆಯ ಕತ್ತರಿಸಿದ ತುದಿಗಳಿಂದ. ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ತೆಳು ಪಾಲಿಷನ್ನು ಒಳಗೂ ಹೊರಗೂ ಎರಡು ಕೈ ಹೊಡೆದರೆ ತೇವ ಪೂರ್ತಿ ನಿಲ್ಲುವುದಿಲ್ಲವಾದರೂ ನಿಧಾನವಾಗುತ್ತದೆ. ಮಳೆಗಾಲ ಮುಗಿಯುವವರೆಗೆ ನಿಧಾನವಾದರೆ ನಮಗೆ ಅಷ್ಟೇ ಬೇಕು. ಎಣ್ಣೆ ಬೆರೆತ ವಾರ್ನಿಷನ್ನು ಡ್ರಾಯರಿನ ಒಳಕ್ಕೆ ಹೊಡೆದರೆ ಮುಚ್ಚಿದ ಜಾಗದಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಸ್ಪಿರಿಟ್ಟಿನ ಕೆಲಸವನ್ನು ಒಲೆ, ದೀಪಗಳ ಹತ್ತಿರ ಮಾಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವರ್ಷದ ಹನ್ನೆರಡು ತಿಂಗಳೂ ಹಿಡಿಯುವ ಡ್ರಾಯರಿಗೆ ಮಳೆಯನ್ನು ದೂರಿ ಫಲವಿಲ್ಲ. ಹಲವು ವರ್ಷ ಓಡಿ ಓಡಿ ತಳದಂಚೂ ಅದರ ಕೆಳಗಿನ ಪಟ್ಟಿಯೂ ಸವೆದು, ಡ್ರಾಯರು ಮುಂದಕ್ಕೆ ಮುಗ್ಗರಿಸಿ, ಮುಖದ ಹಲಗೆ ಕೆಳಗಿನ ಅಂಚಿಗೆ ತಾಗುತ್ತಿರುತ್ತದೆ. ಇಲ್ಲಿ ಬೇಕಾದದ್ದು ಕೆತ್ತುವುದಲ್ಲ, ತುಂಬುವುದು. ಪಟ್ಟಿಯ ಸವೆದ ಗೀರಿನ ಮೇಲೆ ಸನ್‌ಮೈಕದ ಸಣ್ಣ ಪಟ್ಟಿಯನ್ನು, ನುಣುಪು ಮೈ ಮೇಲಾಗುವಂತೆ, ಫೆವಿಕಾಲ್ ಹಚ್ಚಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಟ್ಟರೆ ಎತ್ತರವೂ ಮರಳುತ್ತದೆ, ಜಾರಿಕೆಯೂ ಬರುತ್ತದೆ. ಮರಗೆಲಸದವರ ಬಳಿ ಬಿದ್ದಿರುವ ಚೂರುಗಳೇ ಇದಕ್ಕೆ ಧಾರಾಳವಾಗಿ ಸಾಕು.

ಹೊಸ ಮನೆಗೆ ಸಾಗಿಸಿದ ಮೇಲೆ ಇದ್ದಕ್ಕಿದ್ದಂತೆ ಹಿಡಿಯತೊಡಗಿದ ಬೀರುವಿನಲ್ಲಿ ತಪ್ಪು ಸಾಮಾನ್ಯವಾಗಿ ನೆಲದ್ದು. ನಾಲ್ಕು ಕಾಲುಗಳಲ್ಲಿ ಒಂದಕ್ಕೆ ಆಧಾರವಿಲ್ಲದಿದ್ದರೆ ಇಡೀ ಬೀರು ತಿರುಚಿಕೊಂಡು ಚೌಕದ ಗೂಡು ಓರೆಯಾಗುತ್ತದೆ. ಗೂಡಿನ ಎದುರುಬದುರು ಮೂಲೆಗಳ ಅಳತೆಯನ್ನು ಟೇಪಿನಿಂದ ತೆಗೆಯಿರಿ. ಎರಡು ಕರ್ಣಗಳೂ ಸಮವಿಲ್ಲದಿದ್ದರೆ ತಗ್ಗಾದ ಕಾಲಿನ ಕೆಳಗೆ ತೆಳುವಾದ ಮರದ ಚಕ್ಕೆಯನ್ನು ಕೊಡುತ್ತ ಹೋಗಿ. ಇದೇ ಅಳತೆಯನ್ನು ಡ್ರಾಯರಿಗೂ ಮಾಡಿ ನೋಡಬಹುದು. ಅದರ ಮೂಲೆಗಳು ಸಡಿಲಿ ಓರೆಯಾಗಿದ್ದರೆ ಹಳೆಯ ಅಂಟನ್ನು ಕೆರೆದು, ಹೊಸದು ಹಚ್ಚಿ, ಕರ್ಣಗಳು ಸಮವಾಗುವಂತೆ ಹಗ್ಗದಿಂದ ಬಿಗಿದು ಒಂದು ದಿನ ಬಿಡಬೇಕು.

ಅಗಲ ಹೆಚ್ಚು, ಆಳ ಕಡಿಮೆ ಇರುವ ಡ್ರಾಯರನ್ನು ಒಂದೇ ಕೈಯಿಂದ ಒಂದು ತುದಿಯಲ್ಲಿ ಎಳೆದರೆ ಅದು ಗೂಡಿನೊಳಗೆ ಓರೆ ತಿರುಗಿ ಎರಡು ಮೂಲೆಗಳಲ್ಲಿ ಕಚ್ಚಿಕೊಳ್ಳುತ್ತದೆ. ನಾನು ಪಕ್ಕ ಕೆತ್ತಿ ಕೆಡಿಸಿದ ಡ್ರಾಯರು ಮೊದಲಿಗಿಂತ ಬಲವಾಗಿ ಹಿಡಿದದ್ದಕ್ಕೆ ಇದೇ ಕಾರಣ: ಪಕ್ಕದಲ್ಲಿ ಜಾಗ ಹೆಚ್ಚಾದಷ್ಟೂ ಓರೆಯಾಗುವುದು ಸುಲಭ. ಆಚಾರ್ರು ಅದರ ಎರಡು ಪಕ್ಕಗಳಿಗೆ ಹಲಸಿನ ತೆಳುಪಟ್ಟಿಗಳನ್ನು ಅಂಟಿಸಿ, ನನ್ನ ಹತ್ತರಿ ತಿಂದದ್ದನ್ನು ತುಂಬಿಕೊಟ್ಟ ಮೇಲೆಯೇ ಅದು ನೆಟ್ಟಗೆ ಓಡಿತು.

ಬೆಂಗಳೂರಿನ ಮಗಳ ಮನೆಯಲ್ಲಿರುವಂಥ ಪ್ಲೈವುಡ್ಡಿನ ಡ್ರಾಯರುಗಳು ಈ ಬಗೆಯಲ್ಲಿ ಉಬ್ಬುವುದಿಲ್ಲ, ಏಕೆಂದರೆ ಪ್ಲೈವುಡ್ಡಿನ ಪದರಗಳ ನಾರು ಒಂದಕ್ಕೊಂದು ಅಡ್ಡಲಾಗಿದ್ದು ಪರಸ್ಪರ ಹಿಡಿದಿರುತ್ತವೆ. ಅಲ್ಲಿ ಹಿಡಿಯುವುದು ಎರಡೂ ಪಕ್ಕದ ಕಬ್ಬಿಣದ ಚಾನೆಲ್. ಡ್ರಾಯರನ್ನು ಪೂರ್ತಿ ಎಳೆದಾಗ ಚಾನೆಲಿನ ನಡುವೆ ಕಾಣುವ ಕಪ್ಪು ಪ್ಲಾಸ್ಟಿಕ್ ನಾಲಿಗೆಗಳಲ್ಲಿ ಸಾಮಾನ್ಯವಾಗಿ ಒಂದು ಕಡೆಯದನ್ನು ಮೇಲಕ್ಕೂ ಇನ್ನೊಂದು ಕಡೆಯದನ್ನು ಕೆಳಕ್ಕೂ ಒಮ್ಮೆಗೇ ಒತ್ತಿದರೆ ಡ್ರಾಯರು ಕಳಚಿ ಬರುತ್ತದೆ. ಗುಂಡುಗಳ ಸಾಲಿನಲ್ಲಿ ಜಮೆಯಾದ ಹಿಟ್ಟು, ಅರಿಸಿನ, ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟರೆ ಸಾಕು; ಗ್ರೀಸ್ ತುಂಬಿದರೆ ಧೂಳಿಗೆ ಔತಣ ಕೊಟ್ಟಂತೆ. ಗುಂಡುಗಳು ಉದುರಿದ್ದರೆ ರಿಪೇರಿಯ ಆಸೆಯನ್ನು ಬಿಟ್ಟು, ಅದೇ ಉದ್ದದ ಜೋಡಿಯನ್ನು ತಂದು ಎರಡನ್ನೂ ಬದಲಿಸಿ. ಸ್ಕ್ರೂ ಕೂರುವ ತೂತು ದೊಡ್ಡದಾಗಿ ಚಾನೆಲ್ ಜೋಲುಬಿದ್ದಿದ್ದರೆ, ಬಿದಿರಿನ ಸೀಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ಬಡಿದು, ಒಣಗಿದ ಮೇಲೆ ಅಂಚಿಗೆ ಸಮವಾಗಿ ಕತ್ತರಿಸಿ ಅದೇ ಸ್ಕ್ರೂ ಹಾಕಬಹುದು. ಹೊಟ್ಟು ಒತ್ತಿ ಮಾಡಿದ ಅಗ್ಗದ ಹಲಗೆಯ ಡ್ರಾಯರು ನೀರು ಕುಡಿದು ಊದಿಕೊಂಡಿದ್ದರೆ ಮಾತ್ರ ಒಣಗಿಸಿ ಪ್ರಯೋಜನವಿಲ್ಲ, ಊದಿದ್ದು ಇಳಿಯುವುದಿಲ್ಲ. ಚಾನೆಲುಗಳನ್ನು ಬಿಚ್ಚಿಟ್ಟುಕೊಂಡು ಅದೇ ಅಳತೆಗೆ ಪ್ಲೈವುಡ್ಡಿನ ಪೆಟ್ಟಿಗೆಯನ್ನು ಮಾಡಿಸಿ. ಮಾಡಿಸುವಾಗ ಗೂಡಿನ ಅಗಲಕ್ಕಿಂತ ಪೆಟ್ಟಿಗೆ ಎರಡೂ ಕಡೆ ತಲಾ ಅರ್ಧ ಇಂಚು ಕಡಿಮೆಯಿರಲಿ, ಗುಂಡಿನ ಚಾನೆಲುಗಳು ಕೇಳುವ ಜಾಗ ಅಷ್ಟು.